ವಿರಾಮಕಾಲದ ಉಪದೇಶ: ೧೯೭೦ರ ಮೆಲ್ಬರ್ನ್ ಫುಟ್‌ಬಾಲ್ ಅಂತಿಮ ಪಂದ್ಯದ ಒಂದು ಐತಿಹ್ಯದ ವಿಮರ್ಶೆ

ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದಲ್ಲಿ ಹುಟ್ಟಿ ಬೆಳೆದ ಫುಟ್‌ಬಾಲ್ ಆಟದ ಚರಿತ್ರೆಯಲ್ಲಿ ೧೯೭೦ನೆಯ ಇಸವಿ ಸೆಪ್ಟೆಂಬರ್ ೨೬ನೆಯ ತಾರೀಖು ಶನಿವಾರ ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ ನಡೆದ ಅಂತಿಮ ಪಂದ್ಯದಷ್ಟು ಜನರ ಬಾಯಲ್ಲಿ ನಿಂತಿರುವ ಪಂದ್ಯಗಳು ವಿರಳ. ಆ ನಗರದ ಎರಡು ಹಳೆಯ ಪೇಟೆಗಳ ತಂಡಗಳಾದ ಕಾರ್ಲ್‌ಟನ್ ಮತ್ತು ಕಾಲಿಂಗ್‌ವುಡ್‌ಗಳ ಹೋರಾಟವನ್ನು ನೋಡಲು ಅಂದು ೧,೨೧,೬೯೬ ಜನ ಕೂಡಿದ್ದರು. ಈ ಆಟಕ್ಕೆ ಅಷ್ಟು ಜನ ಅದಕ್ಕೆ ಹಿಂದೆ ಕೂಡಿರಲಿಲ್ಲ; ಅನಂತರವೂ ಕೂಡಿದ್ದಿಲ್ಲ. ಅರ್ಧ ಆಟ ಮುಗಿಯುವ ಹೊತ್ತಿಗೆ ೪೪ ಅಂಕಗಳಷ್ಟು ಹಿಂದೆ ಬಿದ್ದಿದ್ದ ಕಾರ್ಲ್‌ಟನ್ ತಂಡ ಕೊನೆಗೆ ೧೦ ಅಂಕಗಳಿಂದ ಜಯಶಾಲಿಯಾಯಿತು. ಇದಕ್ಕೆ ಕಾರಣವೇನೆಂದು ಕೇಳಿದರೆ ಆ ನಾಡಿನಲ್ಲಿ ಸಾಧಾರಣವಾಗಿ ದೊರೆಯುವ ಉತ್ತರ ಒಂದೇ. ವಿರಾಮಕಾಲದಲ್ಲಿ ಕಾರ್ಲ್‌ಟನ್ನಿನ ಶಿಕ್ಷಕನಾದ ರಾನ್ ಬರಾಸಿ ತನ್ನ ಆಟಗಾರರನ್ನು ಕರೆದು, ಏನೇ ಆಗಲಿ ಹ್ಯಾಂಡ್‌ಬಾಲ್ ಮಾಡಿರೆಂದು ಅಪ್ಪಣೆಮಾಡಿದನು, ಅವರು ಹಾಗೆಯೇ ಮಾಡಿದರು, ಗೆದ್ದರು, ಅಂದಿನಿಂದ ಆಟದ ರೀತಿಯೇ ಮಾರ್ಪಟ್ಟಿತು ಎಂಬುದು.

ಈ ಐತಿಹ್ಯದಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಒಬ್ಬ ಗುರುವಿನ ಒಂದು ಮಾತಿಗೆ ಇಡೀ ಪಂದ್ಯದ ಫಲವನ್ನು ಕಟ್ಟಿಬಿಡುವುದರಿಂದ ಎರಡು ಅನ್ಯಾಯಗಳು ಸಂಭವಿಸಿವೆ. ಮೊದಲನೆಯದಾಗಿ, ಆ ದಿನದ ನಿಜವಾದ ಯುಕ್ತಿಗಳೂ ಅಕಸ್ಮಾತ್ತುಗಳೂ ಮರೆಯಾಗಿವೆ. ಎರಡನೆಯದಾಗಿ, ಸೋತ ತಂಡದ ಶಿಕ್ಷಕನಾದ ಬಾಬ್ ರೋಸ್ ಎಂಬುವನು ಎದುರಾಳಿಯ ಬುದ್ಧಿಗೆ ಉತ್ತರ ಕಾಣದೆ ಕುಳಿತವನೆಂದು ಚಿತ್ರಿತನಾಗಿದ್ದಾನೆ. ಅಂಕಗಳ ಲೆಕ್ಕವನ್ನೂ ಇಬ್ಬರು ಶಿಕ್ಷಕರ ಪೂರ್ವಚರಿತ್ರೆಯನ್ನೂ ಎದುರಿಗಿಟ್ಟುಕೊಂಡು ನೋಡಿದರೆ ಈ ಎರಡಕ್ಕೂ ಆಧಾರ ಸಾಲದೆಂದು ತೋರುತ್ತದೆ.

ಆಟದ ಪರಿಚಯವಿಲ್ಲದ ವಾಚಕರಿಗೆ ಅದರ ಸ್ವರೂಪವನ್ನು ಸಂಕ್ಷೇಪವಾಗಿ ತಿಳಿಸುವುದು ಅವಶ್ಯಕ. ಭಾರತದಲ್ಲಿ ಫುಟ್‌ಬಾಲ್ ಎಂದು ರೂಢಿಯಲ್ಲಿರುವ ಆಟಕ್ಕೂ ಇದಕ್ಕೂ ಹೆಸರಿನ ಹೊರತು ಸಾಮ್ಯ ಅಲ್ಪ. ೧೮೫೯ರಲ್ಲಿ ಮೆಲ್ಬರ್ನ್ ನಗರದಲ್ಲಿ ಇದರ ನಿಯಮಗಳು ಮೊದಲು ಬರೆಹಕ್ಕೆ ಇಳಿದುವು. ಅಂಡಾಕಾರದ ಬಯಲು, ಅಂಡಾಕಾರದ ಚೆಂಡು, ಒಂದೊಂದು ಕಡೆಗೆ ಹದಿನೆಂಟು ಜನ. ಬಯಲಿನ ಎರಡು ತುದಿಗಳಲ್ಲಿಯೂ ನಾಲ್ಕು ನಾಲ್ಕು ಕಂಬಗಳಿರುತ್ತವೆ. ನಡುವಣ ಎರಡು ಕಂಬಗಳ ಮಧ್ಯೆ ಚೆಂಡನ್ನು ಒದೆದರೆ ಗೋಲು, ಅದಕ್ಕೆ ೬ ಅಂಕ; ಪಕ್ಕದ ಕಂಬದ ಒಳಗಾಗಿ ಹೋದರೆ ಬಿಹೈಂಡ್, ಅದಕ್ಕೆ ೧ ಅಂಕ. ಒದೆದ ಚೆಂಡನ್ನು ನೆಲಕ್ಕೆ ಬೀಳುವ ಮೊದಲೇ ಹಿಡಿದವನಿಗೆ ಮಾರ್ಕ್ ದೊರೆಯುತ್ತದೆ. ಆಗ ಅವನು ಅಡ್ಡಿಯಿಲ್ಲದೆ ಒದೆಯಬಹುದು. ಚೆಂಡನ್ನು ಕೈಯಿಂದ ಎಸೆಯುವುದು ನಿಷಿದ್ಧ. ಒಂದು ಕೈಯಲ್ಲಿ ಚೆಂಡನ್ನು ಇರಿಸಿಕೊಂಡು ಇನ್ನೊಂದು ಕೈಯ ಮುಷ್ಟಿಯಿಂದ ಹೊಡೆದು ಜೊತೆಗಾರನಿಗೆ ದಾಟಿಸಬಹುದು, ಇದೇ ಹ್ಯಾಂಡ್‌ಬಾಲ್. ಆಟವನ್ನು ನಾಲ್ಕು ಪಾದಗಳಾಗಿ ವಿಂಗಡಿಸುತ್ತಾರೆ. ಎರಡನೆಯ ಪಾದದ ಕೊನೆಯಲ್ಲಿ ದೊಡ್ಡ ವಿರಾಮ. ಹದಿನೆಂಟು ಜನಕ್ಕೂ ಬಯಲಿನಲ್ಲಿ ಒಂದೊಂದು ನೆಲೆಯುಂಟು; ಪ್ರತಿಯೊಬ್ಬನಿಗೂ ಎದುರಾಳಿಗಳಲ್ಲಿ ಒಬ್ಬ ಜೋಡಿ ಇರುತ್ತಾನೆ. ಯಾರನ್ನು ಯಾರಿಗೆ ಜೋಡಿಯಾಗಿ ನಿಲ್ಲಿಸಬೇಕೆಂಬುದೇ ೧೯೭೦ರವರೆಗಿನ ಶಿಕ್ಷಕರ ವಿದ್ಯೆಯಲ್ಲಿ ಮುಖ್ಯಭಾಗವಾಗಿತ್ತೆಂದು ಹೇಳಬಹುದು.

ಅಂದಿನ ಇಬ್ಬರು ಶಿಕ್ಷಕರೂ ಒಂದೊಂದು ಗುರುಪರಂಪರೆಗೆ ಸೇರಿದವರು. ಕಾಲಿಂಗ್‌ವುಡ್ಡಿನ ಪರಂಪರೆಗೆ ಮೂಲಪುರುಷನು ಜಾಕ್ ಮ್ಯಾಕ್‌ಹೇಲ್. ಇವನು ೧೯೧೨ರಿಂದ ೧೯೪೯ರವರೆಗೆ ಮೂವತ್ತೆಂಟು ಋತುಗಳ ಕಾಲ ಒಂದೇ ತಂಡಕ್ಕೆ ಶಿಕ್ಷಕನಾಗಿದ್ದು ಎಂಟು ಸಲ ಅಗ್ರಪದವಿಯನ್ನು ಗಳಿಸಿಕೊಟ್ಟನು. ಅದರಲ್ಲಿ ೧೯೨೭ರಿಂದ ೧೯೩೦ರವರೆಗಿನ ನಾಲ್ಕು ಜಯಗಳು ಎಡೆಬಿಡದೆ ಬಂದುವು. ಅವನ ತರುವಾಯ ಫಾನ್ಸ್ ಕೈನ್, ಕೈನನ ತರುವಾಯ ೧೯೬೪ರಲ್ಲಿ ಬಾಬ್ ರೋಸ್. ರೋಸ್ ೧೯೪೬ರಿಂದ ೧೯೫೫ರವರೆಗೆ ಅದೇ ತಂಡದ ಶ್ರೇಷ್ಠ ಆಟಗಾರನಾಗಿದ್ದವನು. ಮ್ಯಾಕ್‌ಹೇಲನ ಕೈಕೆಳಗೂ ಕೈನನ ಕೈಕೆಳಗೂ ಆಡಿದವನು. ೧೯೫೩ರ ಅಗ್ರಪದವಿಯಲ್ಲಿ ಪಾಲುಗಾರ. ಹೊರಗಿನಿಂದ ಶಿಕ್ಷಕನನ್ನು ತರಿಸುವ ವಾಡಿಕೆ ಆಗ ಆ ಕ್ಲಬ್ಬಿನಲ್ಲಿ ಇರಲಿಲ್ಲ. ಮನೆಯ ವಿದ್ಯೆಯನ್ನು ಮನೆಯವನಿಂದಲೇ ಮುಂದಕ್ಕೆ ಸಾಗಿಸಬೇಕೆಂಬುದು ಅವರ ಕಟ್ಟು.

ಇನ್ನೊಂದು ಪರಂಪರೆ ಮೆಲ್ಬರ್ನ್ ತಂಡದ್ದು. ಚೆಕರ್ ಹ್ಯೂಸ್ ಎಂಬ ಶಿಕ್ಷಕನ ಕೈಕೆಳಗೆ ಆಡಿ ಬೆಳೆದ ನಾರ್ಮ್ ಸ್ಮಿತ್ ೧೯೫೨ರಿಂದ ಅದರ ಶಿಕ್ಷಕನಾಗಿ ೧೯೫೫ರಿಂದ ೧೯೬೪ರೊಳಗೆ ಆರು ಅಗ್ರಪದವಿಗಳನ್ನು ಗೆದ್ದನು. ಆ ಆರರಲ್ಲಿಯೂ ಆಡಿದ ರಾನ್ ಬರಾಸಿ ಅವನಿಗೆ ಶಿಷ್ಯನಷ್ಟೇ ಅಲ್ಲ, ಸಾಕುಮಗನಂತಿದ್ದವನು. ಬರಾಸಿಯ ತಂದೆ ೧೯೪೦ರಲ್ಲಿ ಮೆಲ್ಬರ್ನ್ ತಂಡದ ಅಗ್ರಪದವಿಯಲ್ಲಿ ಭಾಗಿಯಾಗಿ, ಮರುವರ್ಷ ಟೊಬ್ರುಕ್‌ನಲ್ಲಿ ಯುದ್ಧಕ್ಕೆ ಬಲಿಯಾದನು. ಹುಡುಗನು ದೊಡ್ಡವನಾಗುತ್ತ ಬಂದಾಗ ಸ್ಮಿತ್ ತನ್ನ ಮನೆಯಲ್ಲಿ ಇರಗೊಟ್ಟು ಆಟವನ್ನು ಕಲಿಸಿದನು. ಗುರುಕುಲವಾಸವೆಂಬ ಮಾತು ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಶಿಷ್ಯನು ೧೯೬೪ರ ಕೊನೆಯಲ್ಲಿ ಗುರುವಿನ ತಂಡವನ್ನು ಬಿಟ್ಟು ಕಾರ್ಲ್‌ಟನ್ನಿಗೆ ನಾಯಕನಾಗಿಯೂ ಶಿಕ್ಷಕನಾಗಿಯೂ ಹೋದುದು ಆ ನಗರದಲ್ಲಿ ದೊಡ್ಡ ಗದ್ದಲವನ್ನು ಎಬ್ಬಿಸಿತು. ಹೋದಮೇಲೆ ೧೯೬೮ರಲ್ಲಿ ಕಾರ್ಲ್‌ಟನ್ನಿಗೆ ಅಗ್ರಪದವಿಯನ್ನು ತಂದುಕೊಟ್ಟನು. ೧೯೬೯ರಲ್ಲಿ ರಿಚ್‌ಮಂಡ್ ತಂಡದೆದುರು ಅಂತಿಮ ಪಂದ್ಯದಲ್ಲಿ ಸೋತನು.

ಈ ಎರಡು ಪರಂಪರೆಗಳ ನಡುವೆ ಹಳೆಯ ಲೆಕ್ಕವಿತ್ತು. ೧೯೫೫, ೧೯೫೬, ೧೯೬೦ ಈ ಮೂರು ವರ್ಷಗಳ ಅಂತಿಮ ಪಂದ್ಯಗಳಲ್ಲಿ ಸ್ಮಿತ್‌ನ ತಂಡ ಕಾಲಿಂಗ್‌ವುಡ್ಡನ್ನು ಸೋಲಿಸಿತು. ೧೯೫೮ರಲ್ಲಿ ಮಾತ್ರ ಫಲ ತಿರುಗಿತು. ಆ ವರ್ಷ ಮೆಲ್ಬರ್ನ್ ಗೆದ್ದಿದ್ದರೆ ಕಾಲಿಂಗ್‌ವುಡ್ಡಿನ ನಾಲ್ಕು ನಿರಂತರ ಜಯಗಳ ದಾಖಲೆಗೆ ಸರಿಗಟ್ಟುತ್ತಿತ್ತು. ಅದನ್ನು ತಡೆಯಲೇಬೇಕೆಂದು ಹಟತೊಟ್ಟ ಕಾಲಿಂಗ್‌ವುಡ್ಡಿನವರು ಬರಾಸಿ ಮೊದಲಾದವರನ್ನು ಮೈಮೇಲೆ ಬಿದ್ದು ಕೆಣಕಿ ಅವರ ಗಮನವನ್ನು ಚೆಂಡಿನಿಂದ ಕದಲಿಸಿದರೆಂಬುದು ಪ್ರಸಿದ್ಧವಾಗಿದೆ. ೧೮ ಅಂಕಗಳಿಂದ ಗೆಲವು ಅವರದಾಯಿತು. ರಟ್ಟೆಬಲದಿಂದ ನಡೆದುದಾದರೂ ಇದು ಯುಕ್ತಿಯೇ. ಜೋಡಿಯನ್ನು ನಿಶ್ಚಯಿಸುವ ವಿದ್ಯೆಯಲ್ಲಿ ಎದುರಾಳಿಯ ಕಾಲಿನ ಬಲದಷ್ಟೇ ಅವನ ಕೋಪದ ಅಳತೆಯೂ ಬೇಕಾಗುತ್ತದೆ.

ಶಿಕ್ಷಕನಾದ ಮೊದಲನೆಯ ವರ್ಷವೇ, ಎಂದರೆ ೧೯೬೪ರಲ್ಲಿ, ರೋಸ್ ತನ್ನ ತಂಡವನ್ನು ಅಂತಿಮ ಪಂದ್ಯಕ್ಕೆ ತಂದನು. ಎದುರಿಗೆ ಮೆಲ್ಬರ್ನ್, ಅದರ ನಾಯಕ ಬರಾಸಿ. ಕಾಲಿಂಗ್‌ವುಡ್ ೪ ಅಂಕಗಳಿಂದ ಸೋತಿತು. ೧೯೬೬ರಲ್ಲಿ ಸೇಂಟ್ ಕಿಲ್ಡ ತಂಡದೆದುರು ಮತ್ತೆ ಅಂತಿಮ ಪಂದ್ಯ. ಎರಡು ಕಡೆಯವರೂ ಹತ್ತು ಹತ್ತು ಗೋಲುಗಳನ್ನು ಹೊಡೆದರು. ಒಂದೇ ಒಂದು ಬಿಹೈಂಡ್ ಹೆಚ್ಚಾಗಿದ್ದುದರಿಂದ ಸೇಂಟ್ ಕಿಲ್ಡ ೭೪ಕ್ಕೆ ೭೩ರಂತೆ ಗೆದ್ದಿತು. ಹೀಗೆ ೧೯೭೦ಕ್ಕೆ ಬರುವ ವೇಳೆಗೆ ರೋಸ್ ಎರಡು ಅಂತಿಮ ಪಂದ್ಯಗಳನ್ನು ಒಟ್ಟು ಐದು ಅಂಕಗಳ ಅಂತರದಿಂದ ಕಳೆದುಕೊಂಡಿದ್ದನು.

೧೯೭೦ರ ಋತುವಿನ ಆರಂಭ ಕಾಲಿಂಗ್‌ವುಡ್ಡಿಗೆ ಶುಭವಾಗಿರಲಿಲ್ಲ. ನಾಯಕನಾದ ಡೆಸ್ ಟಡೆನ್‌ಹ್ಯಾಮ್ ಮತ್ತು ಉಪನಾಯಕನಾದ ಲೆನ್ ಥಾಮ್ಸನ್ ಸಂಭಾವನೆಯ ವಿಷಯದಲ್ಲಿ ಕ್ಲಬ್ಬಿನೊಡನೆ ಜಗಳವಾಡಿ ಆಟದಿಂದ ದೂರ ನಿಂತರು. ಮರಳಿ ಬಂದರಾದರೂ ಪದವಿಗಳನ್ನು ಕಳೆದುಕೊಂಡರು. ಟೆರಿ ವಾಟರ್ಸ್ ನಾಯಕನಾದನು. ಇಂತಹ ಒಡಕನ್ನು ಹೊಲಿದು ಅದೇ ವರ್ಷ ತಂಡವನ್ನು ಪಟ್ಟಿಯ ತಲೆಯಲ್ಲಿ ನಿಲ್ಲಿಸಿದುದು ರೋಸನ ಸಾಧನೆಯೆಂಬುದನ್ನು ಐತಿಹ್ಯವು ಎಂದೂ ಹೇಳುವುದಿಲ್ಲ. ಮುಂಭಾಗದಲ್ಲಿ ಪೀಟರ್ ಮೆಕೆನ ಆ ವರ್ಷ ೧೪೩ ಗೋಲುಗಳನ್ನು ಹೊಡೆದನು. ಮಧ್ಯದಲ್ಲಿ ಚೆಂಡಿಗೆ ಹಾರುವವನು ಎತ್ತರದ ಥಾಮ್ಸನ್. ಕಾರ್ಲ್‌ಟನ್ನಿನಲ್ಲಿ ಅವನಿಗೆ ಜೋಡಿಯಾಗತಕ್ಕವನು ನಾಯಕನಾದ ಜಾನ್ ನಿಕೊಲ್ಸ್. ಎತ್ತರದಲ್ಲಿ ಕಡಮೆ, ಮೈಬಲದಲ್ಲಿಯೂ ಅನುಭವದಲ್ಲಿಯೂ ಹೆಚ್ಚು. ಕಾರ್ಲ್‌ಟನ್ನಿನ ಅಲೆಕ್ಸ್ ಜೆಸಾಲೆಂಕೊ ಆ ಋತುವಿನಲ್ಲಿ ೧೧೫ ಗೋಲುಗಳನ್ನು ಹೊಡೆದವನು.

ಅಂದಿನ ಪದ್ಧತಿಯಲ್ಲಿ ಪಟ್ಟಿಯ ಮೊದಲ ನಾಲ್ಕು ತಂಡಗಳು ಮಾತ್ರ ಕೊನೆಯ ಸುತ್ತಿಗೆ ಬರುತ್ತಿದ್ದುವು. ಮೊದಲ ಎರಡು ತಂಡಗಳ ನಡುವಣ ಪಂದ್ಯದಲ್ಲಿ ಗೆದ್ದವರು ನೇರವಾಗಿ ಅಂತಿಮ ಪಂದ್ಯಕ್ಕೆ. ಸೋತವರಿಗೆ ಇನ್ನೊಂದು ಪಂದ್ಯವನ್ನಾಡಿ ಬರುವ ಅವಕಾಶ. ಈ ಪಂದ್ಯದಲ್ಲಿ ಕಾಲಿಂಗ್‌ವುಡ್ ಕಾರ್ಲ್‌ಟನ್ನನ್ನು ಸೋಲಿಸಿತು. ಕಾರ್ಲ್‌ಟನ್ ಸೇಂಟ್ ಕಿಲ್ಡವನ್ನು ಗೆದ್ದು ಹಿಂದಿನ ಬಾಗಿಲಿನಿಂದ ಬಂದಿತು. ಸ್ವಾರಸ್ಯವೇನೆಂದರೆ ಆ ವರ್ಷ ನಾಲ್ಕನೆಯ ತಂಡವಾಗಿ ಬಂದ ಸೌತ್ ಮೆಲ್ಬರ್ನಿಗೆ ಶಿಕ್ಷಕನಾಗಿದ್ದವನು ನಾರ್ಮ್ ಸ್ಮಿತ್. ಗುರುಶಿಷ್ಯರು ಎದುರುಬದುರಾಗುವ ಸಂಭವ ಒಂದು ಪಂದ್ಯದಷ್ಟು ಅಂತರದಲ್ಲಿ ತಪ್ಪಿತು.

ಅಂತಿಮ ಪಂದ್ಯಕ್ಕೆ ಮುನ್ನ ಇಬ್ಬರು ಶಿಕ್ಷಕರ ಸ್ಥಿತಿಗಳಲ್ಲಿದ್ದ ಭೇದ ಇದರಿಂದ ಸ್ಪಷ್ಟವಾಗುತ್ತದೆ. ರೋಸನಿಗೆ ಎರಡು ವಾರಗಳ ವಿಶ್ರಾಂತಿಯಿತ್ತು, ಗೆದ್ದ ಯುಕ್ತಿಯಿತ್ತು, ಅದನ್ನು ಬದಲಾಯಿಸಲು ಯಾವ ಕಾರಣವೂ ಇರಲಿಲ್ಲ. ಚೆಂಡನ್ನು ಉದ್ದಕ್ಕೆ ಒದೆಯುವುದು, ಎತ್ತರದವರು ಹಾರಿ ಹಿಡಿಯುವುದು, ಮೆಕೆನನ ಓಟದ ದಾರಿಗೆ ಚೆಂಡನ್ನು ಇಳಿಸುವುದು, ಇವು ವರ್ಷವೆಲ್ಲ ಫಲಕೊಟ್ಟ ಕ್ರಮಗಳು. ಬರಾಸಿಗಾದರೋ ಬದಲಾವಣೆ ಅನಿವಾರ್ಯವಾಗಿತ್ತು. ಆದರೂ ಅವನು ಪಂದ್ಯಕ್ಕೆ ಮುಂಚೆ ಕಂಡುಕೊಂಡ ಉತ್ತರ ಏನೇ ಆಗಿರಲಿ, ಅದು ಫಲಿಸಲಿಲ್ಲವೆಂಬುದಕ್ಕೆ ಮೊದಲನೆಯ ಪಾದದ ಲೆಕ್ಕವೇ ಸಾಕ್ಷಿ: ಕಾಲಿಂಗ್‌ವುಡ್ ೪ ಗೋಲು ೮ ಬಿಹೈಂಡ್, ಒಟ್ಟು ೩೨, ಕಾರ್ಲ್‌ಟನ್ ಬರಿಯ ೩ ಬಿಹೈಂಡ್. ವಿರಾಮದ ವೇಳೆಗೆ ಕಾಲಿಂಗ್‌ವುಡ್ ೧೦ ಗೋಲು ೧೩ ಬಿಹೈಂಡ್, ಒಟ್ಟು ೭೩. ಕಾರ್ಲ್‌ಟನ್ ೪ ಗೋಲು ೫ ಬಿಹೈಂಡ್, ಒಟ್ಟು ೨೯. ಮೆಕೆನ ಒಬ್ಬನೇ ಐದು ಗೋಲು ಹೊಡೆದಿದ್ದನು. ಎರಡನೆಯ ಪಾದದಲ್ಲಿ ಜೆಸಾಲೆಂಕೊ ಕಾಲಿಂಗ್‌ವುಡ್ಡಿನ ಗ್ರೇಮ್ ಜೆಂಕಿನ್‌ನ ಹೆಗಲ ಮೇಲಕ್ಕೆ ಹಾರಿ ಚೆಂಡನ್ನು ಹಿಡಿದ ಚಿತ್ರ ಇಂದಿಗೂ ಆ ಆಟದ ಲಾಂಛನದಂತೆ ತೋರಿಸಲ್ಪಡುತ್ತದೆ. ಅದನ್ನು ನೋಡುವವರಿಗೆ ಆ ಕ್ಷಣದಲ್ಲಿ ಅವನ ತಂಡ ಮುಳುಗುತ್ತಿತ್ತೆಂಬುದು ಹೊಳೆಯುವುದೇ ಇಲ್ಲ.

ವಿರಾಮಕಾಲದಲ್ಲಿ ಬರಾಸಿ ಮಾಡಿದ ಕೆಲಸಗಳು ಎರಡು. ಹ್ಯಾಂಡ್‌ಬಾಲಿನ ಅಪ್ಪಣೆ ಒಂದು. ಇನ್ನೊಂದು, ಬರ್ಟ್ ಥಾರ್ನ್ಲಿ ಎಂಬುವನನ್ನು ತೆಗೆದು ಅದುವರೆಗೆ ಬೆಂಚಿನ ಮೇಲೆ ಕುಳಿತಿದ್ದ ಟೆಡ್ ಹಾಪ್‌ಕಿನ್ಸ್ ಎಂಬ ಸಣ್ಣ ಆಳನ್ನು ಮುಂಭಾಗಕ್ಕೆ ಕಳುಹಿಸಿದುದು. ಇದರ ಗೌರವವನ್ನು ತಿಳಿಯಬೇಕಾದರೆ ಅಂದಿನ ನಿಯಮವನ್ನು ನೆನೆಯಬೇಕು. ಒಂದೊಂದು ತಂಡಕ್ಕೂ ಇಬ್ಬರು ಮಾತ್ರ ಮೀಸಲು ಆಟಗಾರರು; ಒಮ್ಮೆ ಹೊರಗೆ ಬಂದವನು ಮತ್ತೆ ಒಳಗೆ ಹೋಗುವಂತಿಲ್ಲ. ಮನಬಂದಂತೆ ಅದಲುಬದಲು ಮಾಡುವ ಸೌಕರ್ಯ ೧೯೭೮ರಲ್ಲಿ ಬಂದುದು. ಅರ್ಧ ಆಟ ಉಳಿದಿರುವಾಗಲೇ ಮೀಸಲಿನ ಅರ್ಧವನ್ನು ವ್ಯಯಮಾಡುವುದೆಂದರೆ, ಮುಂದೆ ಇಬ್ಬರಿಗೆ ಪೆಟ್ಟುಬಿದ್ದರೆ ಹದಿನೇಳು ಜನರಿಂದ ಆಡಬೇಕಾದೀತೆಂಬ ಅಪಾಯವನ್ನು ತಲೆಯ ಮೇಲೆ ಹೊತ್ತುಕೊಳ್ಳುವುದು. ಹಾಪ್‌ಕಿನ್ಸ್ ಆ ಅರ್ಧದಲ್ಲಿ ನಾಲ್ಕು ಗೋಲು ಹೊಡೆದನು. ೨೪ ಅಂಕಗಳು, ಜಯದ ಅಂತರ ೧೦. ಅಪ್ಪಣೆಯ ಮಾತು ಲೋಕಪ್ರಸಿದ್ಧವಾಯಿತು. ಹಿಂದೆಗೆಯಲಾಗದ ಈ ನಿರ್ಣಯಕ್ಕೆ ಐತಿಹ್ಯದಲ್ಲಿ ಎರಡನೆಯ ಸ್ಥಾನ ದೊರೆಯಿತು. ತೂಕಮಾಡಿ ನೋಡಿದರೆ ಸ್ಥಾನಗಳು ಅದಲುಬದಲಾಗಬೇಕಾಗಿತ್ತೆಂದು ಹೇಳಬೇಕು.

ಹ್ಯಾಂಡ್‌ಬಾಲ್ ಅಂದು ಹುಟ್ಟಿದ ವಿದ್ಯೆಯೇನೂ ಅಲ್ಲ. ನಾರ್ಮ್ ಸ್ಮಿತ್‌ನ ಅಣ್ಣನಾದ ಲೆನ್ ಸ್ಮಿತ್ ಫಿಟ್ಸ್‌ರಾಯ್ ತಂಡದ ಶಿಕ್ಷಕನಾಗಿದ್ದಾಗಲೇ ನಿಲ್ಲದೆ ಆಡುವುದನ್ನೂ ಕೈಯಿಂದ ದಾಟಿಸುವುದನ್ನೂ ಬೋಧಿಸಿದ್ದನು. ಅವನ ಟಿಪ್ಪಣಿಗಳು ಶಿಕ್ಷಕರ ಕೈಯಿಂದ ಕೈಗೆ ಹೋಗುತ್ತಿದ್ದುವು. ಪಶ್ಚಿಮ ಆಸ್ಟ್ರೇಲಿಯದಿಂದ ೧೯೬೨ರಲ್ಲಿ ಜೀಲಾಂಗ್ ತಂಡಕ್ಕೆ ಬಂದ ಗ್ರಹಮ್ ಫಾರ್ಮರ್ ಮೋಟಾರು ಕಾರಿನ ಕಿಟಕಿಯೊಳಗೆ ಚೆಂಡನ್ನು ಗುದ್ದಿ ಹಾಯಿಸಿ ಗುರಿಯನ್ನು ಸಾಧಿಸಿದನೆಂದು ಪ್ರಸಿದ್ಧಿ. ಅವನ ಕೈಯಲ್ಲಿ ಹ್ಯಾಂಡ್‌ಬಾಲ್ ಆಪತ್ತಿನ ಉಪಾಯವಾಗಿರದೆ ಆಕ್ರಮಣದ ಆಯುಧವಾಯಿತು. ೧೯೬೩ರಲ್ಲಿ ಜೀಲಾಂಗ್ ಅಗ್ರಪದವಿಯನ್ನು ಪಡೆಯಿತು. ೧೯೬೯ರಲ್ಲಿ ಇನ್ನೊಂದು ನಿಯಮ ಬಂದಿತು: ಚೆಂಡು ನೆಲಕ್ಕೆ ತಾಗದೆ ನೇರವಾಗಿ ಗೆರೆಯ ಹೊರಗೆ ಬೀಳುವಂತೆ ಒದೆದರೆ ಎದುರಾಳಿಗೆ ಬಿಡಿ ಒದೆತ. ಇದರಿಂದ ಅಂಚಿನ ಉದ್ದಕ್ಕೂ ಒದೆಯುತ್ತ ಸಾಗುವ ಹಳೆಯ ಕ್ರಮಕ್ಕೆ ಭಯ ಹುಟ್ಟಿತು. ಬಯಲಿನ ನಡುದಾರಿಗೆ ಬೆಲೆ ಬಂದಿತು. ಆದುದರಿಂದ ಬರಾಸಿ ನುಡಿದುದು ಹೊಸ ಮಂತ್ರವಲ್ಲ. ಎಲ್ಲರಿಗೂ ಗೊತ್ತಿದ್ದ ಮಂತ್ರವನ್ನು ಗೊತ್ತಿದ್ದಷ್ಟಕ್ಕೆ ಬಿಡದೆ ಪ್ರಯೋಗಿಸಹೇಳಿದುದು.

ಅದರ ಯುಕ್ತಿಯೂ ಸರಳವಾದುದೇ. ಉದ್ದಕ್ಕೆ ಒದೆದ ಚೆಂಡು ಆಕಾಶದಲ್ಲಿರುವಷ್ಟು ಹೊತ್ತಿನಲ್ಲಿ ಕೆಳಗೆ ಜೋಡಿಗಳು ಕೂಡಿಕೊಳ್ಳುತ್ತವೆ, ಎತ್ತರವುಳ್ಳವನು ಹಿಡಿಯುತ್ತಾನೆ. ಅಂದು ಎತ್ತರವಿದ್ದುದು ಕಾಲಿಂಗ್‌ವುಡ್ಡಿಗೆ. ಚೆಂಡನ್ನು ಪಕ್ಕದವನಿಗೆ ಗುದ್ದಿ ಅವನು ಓಡತೊಡಗಿದರೆ, ಅವನನ್ನು ತಡೆಯಲು ಎದುರಾಳಿಗಳಲ್ಲಿ ಯಾರಾದರೊಬ್ಬನು ತನ್ನ ಜೋಡಿಯನ್ನು ಬಿಟ್ಟು ಬರಬೇಕು. ಬಂದ ಕೂಡಲೆ ಬಿಡುವಾದವನಿಗೆ ಮತ್ತೊಂದು ಗುದ್ದು. ಹೀಗೆ ಒಂದು ಜೋಡಿ ಒಡೆದರೆ ಸಾಲಾಗಿ ಜೋಡಿಗಳು ಒಡೆಯುತ್ತವೆ. ಜೋಡಿಗಳ ವಿದ್ಯೆಯಲ್ಲಿ ಸೋಲುತ್ತಿದ್ದ ಬರಾಸಿ ಜೋಡಿಗಳೇ ಇಲ್ಲದಂತಹ ಆಟವನ್ನು ಆಡಹೊರಟನೆಂಬುದೇ ಈ ಅಪ್ಪಣೆಯ ಮರ್ಮ. ೪೪ ಅಂಕಗಳಷ್ಟು ಹಿಂದೆ ಬಿದ್ದವನಿಗೆ ಇದರಲ್ಲಿ ಕಳೆದುಕೊಳ್ಳುವುದು ಏನೂ ಇರಲಿಲ್ಲವೆಂಬುದನ್ನೂ ಮರೆಯಬಾರದು. ಮುಂದಿದ್ದವನು ಇದನ್ನೇ ಮಾಡಿ ಸೋತಿದ್ದರೆ ಅವನನ್ನು ಹುಚ್ಚನೆನ್ನುತ್ತಿದ್ದರು.

ಈಗ ಲೆಕ್ಕವನ್ನು ಪರಿಶೀಲಿಸಬಹುದು. ಮೂರನೆಯ ಪಾದದಲ್ಲಿ ಕಾರ್ಲ್‌ಟನ್ ೮ ಗೋಲು ಹೊಡೆಯಿತು. ಬಿಹೈಂಡ್ ಒಂದೂ ಇಲ್ಲ. ಓಡಿಬಂದು ಹತ್ತಿರದಿಂದ, ತೆರವಾದ ಕಂಬಗಳ ನಡುವೆ ಒದೆದರೆ ಇಂತಹ ನಿಷ್ಕೃಷ್ಟತೆ ಬರುವುದು ಸಹಜ. ಇಲ್ಲಿಯವರೆಗೆ ಐತಿಹ್ಯಕ್ಕೆ ಬೆಂಬಲವುಂಟು. ಆದರೆ ಅದೇ ಪಾದದಲ್ಲಿ ಕಾಲಿಂಗ್‌ವುಡ್ ಸುಮ್ಮನಿರಲಿಲ್ಲ; ೩ ಗೋಲು ೩ ಬಿಹೈಂಡ್ ಹೊಡೆದು ೯೪ಕ್ಕೆ ಏರಿತು. ಕಾರ್ಲ್‌ಟನ್ ೭೭. ಎಂದರೆ ಅಪ್ಪಣೆಯ ಪ್ರಭಾವ ಅತ್ಯಂತ ತೀವ್ರವಾಗಿದ್ದ ಪಾದ ಮುಗಿದಮೇಲೂ ಕಾಲಿಂಗ್‌ವುಡ್ ೧೭ ಅಂಕ ಮುಂದಿತ್ತು. ವಿರಾಮದ ಮಾತು ಕೇಳಿದೊಡನೆ ಪಂದ್ಯವು ತಲೆಕೆಳಗಾಯಿತೆಂಬ ಕಥನಕ್ರಮ ಇಲ್ಲಿ ಸಂಖ್ಯೆಗಳೊಡನೆ ಹೊಂದುವುದಿಲ್ಲ.

ಪಂದ್ಯ ಕೈತಪ್ಪಿದುದು ಕೊನೆಯ ಪಾದದಲ್ಲಿ. ಅದರಲ್ಲಿ ಕಾರ್ಲ್‌ಟನ್ ೫ ಗೋಲು ೪ ಬಿಹೈಂಡ್. ಕಾಲಿಂಗ್‌ವುಡ್ ೧ ಗೋಲು ೧ ಬಿಹೈಂಡ್. ಕಾರ್ಲ್‌ಟನ್ನಿನ ವೇಗ ಈ ಪಾದದಲ್ಲಿ ಹಿಂದಿನದಕ್ಕಿಂತ ಕುಗ್ಗಿದೆ, ಗುರಿಯೂ ಸಡಿಲವಾಗಿದೆ. ಕಾಲಿಂಗ್‌ವುಡ್ಡಿನ ಆಕ್ರಮಣ ಮಾತ್ರ ಬತ್ತಿಹೋಗಿದೆ. ಕಾರ್ಲ್‌ಟನ್ ಚೆಂಡನ್ನು ಹೆಚ್ಚು ಹೊತ್ತು ತನ್ನಲ್ಲಿಯೇ ಇಟ್ಟುಕೊಂಡಿತೆಂದು ಒಪ್ಪಿದರೂ, ಮೊದಲರ್ಧದಲ್ಲಿ ೨೩ ಸಲ ಕಂಬಗಳನ್ನು ಮುಟ್ಟಿದ ತಂಡ ಈ ಇಡೀ ಪಾದದಲ್ಲಿ ಎರಡೇ ಸಲ ಮುಟ್ಟಿದುದಕ್ಕೆ ಇನ್ನೂ ಹತ್ತಿರದ ಕಾರಣವೊಂದುಂಟು. ವಿರಾಮಕ್ಕೆ ಮುಂಚೆ ಮೆಕೆನ ತನ್ನ ತಂಡದವನೇ ಆದ ಟಡೆನ್‌ಹ್ಯಾಮ್‌ನೊಡನೆ ಡಿಕ್ಕಿಹೊಡೆದು ತಲೆಗೆ ಪೆಟ್ಟುತಿಂದಿದ್ದನು. ಬಯಲಿನಲ್ಲಿ ಉಳಿದನಾದರೂ ಮೊದಲಿನ ಮೆಕೆನನಾಗಿ ಉಳಿಯಲಿಲ್ಲ. ಮೊದಲರ್ಧದಲ್ಲಿ ಐದು ಗೋಲು ಹೊಡೆದವನು ಪಂದ್ಯ ಮುಗಿದಾಗ ಆರರಲ್ಲಿ ನಿಂತಿದ್ದನು. ಆ ವರ್ಷವೆಲ್ಲ ತಂಡದ ಒದೆತಗಳಿಗೆ ಗುರಿಯಾಗಿದ್ದವನು ಮಂಕಾದಾಗ ಒದೆತಗಳೂ ಗುರಿಯಿಲ್ಲದವಾದುವು. ಈ ಡಿಕ್ಕಿಯಲ್ಲಿ ಬರಾಸಿಯ ಯುಕ್ತಿ ಏನೂ ಇಲ್ಲ. ರೋಸನ ದೋಷವೂ ಇಲ್ಲ.

ಇನ್ನೊಂದು ಲೆಕ್ಕವನ್ನು ಕಾಲಿಂಗ್‌ವುಡ್ಡಿನವರು ತಾವೇ ಮಾಡಿಕೊಂಡಿರಬೇಕು. ಇಡೀ ಪಂದ್ಯದಲ್ಲಿ ಅವರು ೧೪ ಗೋಲು ೧೭ ಬಿಹೈಂಡ್, ಒಟ್ಟು ೧೦೧. ಕಾರ್ಲ್‌ಟನ್ ೧೭ ಗೋಲು ೯ ಬಿಹೈಂಡ್, ಒಟ್ಟು ೧೧೧. ಅಂಕ ದೊರೆತ ಪ್ರಯತ್ನಗಳು ಕಾಲಿಂಗ್‌ವುಡ್ಡಿಗೆ ೩೧, ಕಾರ್ಲ್‌ಟನ್ನಿಗೆ ೨೬. ಹೆಚ್ಚು ಪ್ರಯತ್ನಿಸಿದವರು ಸೋತರು. ಮೊದಲರ್ಧದ ಹದಿಮೂರು ಬಿಹೈಂಡ್‌ಗಳಲ್ಲಿ ಮೂರು ಮಾತ್ರ ಗೋಲುಗಳಾಗಿದ್ದರೂ ೧೫ ಅಂಕ ಕೂಡಿ, ಉಳಿದುದೆಲ್ಲ ನಡೆದಂತೆಯೇ ನಡೆದಿದ್ದ ಪಕ್ಷದಲ್ಲಿ ಜಯ ಅವರದಾಗುತ್ತಿತ್ತು. ವಿರಾಮಕಾಲದ ಉಪದೇಶವನ್ನು ಇಂದು ಯಾರೂ ನೆನೆಯುತ್ತಿರಲಿಲ್ಲ. ೧೯೬೮ರಲ್ಲಿ ಇದೇ ಕಾರ್ಲ್‌ಟನ್ ೭ ಗೋಲು ೧೪ ಬಿಹೈಂಡ್‌ಗಳಿಂದ ೫೬ ಅಂಕ ಗಳಿಸಿ, ೮ ಗೋಲು ೫ ಬಿಹೈಂಡ್ ಹೊಡೆದ ಎಸೆಂಡನ್ ತಂಡವನ್ನು ೩ ಅಂಕಗಳಿಂದ ಸೋಲಿಸಿತ್ತು. ಎರಡು ವರ್ಷಗಳ ಹಿಂದೆ ಗುರಿತಪ್ಪಿದ ಒದೆತಗಳು ಬರಾಸಿಯನ್ನು ಕಾಪಾಡಿದುವು. ಎರಡು ವರ್ಷಗಳ ತರುವಾಯ ಗುರಿತಪ್ಪಿದ ಒದೆತಗಳು ರೋಸನನ್ನು ಕೆಡವಿದುವು.

ಹಾಗಾದರೆ ರೋಸನಲ್ಲಿ ಲೋಪವೇ ಇರಲಿಲ್ಲವೆ? ಇತ್ತೆಂದು ಒಪ್ಪಬೇಕು. ಮೂರನೆಯ ಪಾದದಲ್ಲಿ ಎದುರಾಳಿಯ ಗೋಲುಗಳು ಒಂದರಮೇಲೊಂದು ಬೀಳುತ್ತಿದ್ದಾಗ ಬಯಲನ್ನು ಕಿಕ್ಕಿರಿಸಿ ಓಟವನ್ನು ತಡೆಯುವ ಏರ್ಪಾಡು ಅವನ ತಂಡದಲ್ಲಿ ಕಾಣಬರಲಿಲ್ಲ. ಆದರೆ ಜೋಡಿಗಳನ್ನು ಬಿಟ್ಟು ಸ್ಥಳವನ್ನು ಕಾಯುವ ವಿದ್ಯೆ ಆ ಆಟದಲ್ಲಿ ಪೂರ್ಣವಾಗಿ ಬೆಳೆದುದು ಎಷ್ಟೋ ವರ್ಷಗಳ ತರುವಾಯ. ಮುಂದಿನ ಕಾಲದ ವಿದ್ಯೆ ತಿಳಿಯದೆಂದು ಹಿಂದಿನವನನ್ನು ದೂಷಿಸುವುದು ವಿಮರ್ಶೆಯೆನಿಸಲಾರದು.

ಐತಿಹ್ಯ ಹೇಗೆ ಬೇರೂರಿತೆಂಬುದನ್ನು ಊಹಿಸುವುದು ಕಷ್ಟವಲ್ಲ. ಗೆದ್ದ ಶಿಕ್ಷಕನು ವಾಗ್ಮಿ, ಸೋತವನು ಮಿತಭಾಷಿ. ಕಥೆಗೆ ಒಂದು ಗಳಿಗೆಯೂ ಒಂದು ಮಾತೂ ಬೇಕು. ಬೆಂಚಿನಿಂದ ಎದ್ದುಬಂದ ಒಬ್ಬ ಆಳು, ತಲೆಗೆ ಬಿದ್ದ ಪೆಟ್ಟು, ಹದಿಮೂರು ಬಿಹೈಂಡ್‌ಗಳು, ಇವು ಚದರಿದ ಕಾರಣಗಳು. ಒಂದು ಸೂತ್ರದಲ್ಲಿ ಕೋದುಕೊಳ್ಳುವುದಿಲ್ಲ. ವಿರಾಮಕಾಲದ ಭಾಷಣಕ್ಕೂ ಜಯಕ್ಕೂ ಇರುವ ಸಂಬಂಧವನ್ನು ಕುರಿತು ಕಾಲಿಂಗ್‌ವುಡ್ಡಿನ ಚರಿತ್ರೆಯಲ್ಲಿಯೇ ಒಂದು ನಿದರ್ಶನವುಂಟು. ೧೯೩೦ರ ಅಂತಿಮ ಪಂದ್ಯದ ದಿನ ಮ್ಯಾಕ್‌ಹೇಲ್ ಕಾಯಿಲೆಯಿಂದ ಮನೆಯಲ್ಲಿ ಮಲಗಿದ್ದನು. ಜೀಲಾಂಗಿನ ಎದುರು ಹಿಂದೆ ಬಿದ್ದಿದ್ದ ಆಟಗಾರರಿಗೆ ವಿರಾಮದಲ್ಲಿ ಧೈರ್ಯಹೇಳಿದವನು ಕ್ಲಬ್ಬಿನ ಖಜಾಂಚಿಯಾದ ಬಾಬ್ ರಷ್. ತಂಡ ೩೦ ಅಂಕಗಳಿಂದ ಗೆದ್ದಿತು. ಆ ಜಯ ಇಂದಿಗೂ ಮ್ಯಾಕ್‌ಹೇಲನ ಎಂಟರಲ್ಲಿ ಒಂದಾಗಿ ಎಣಿಸಲ್ಪಡುತ್ತದೆಯೇ ಹೊರತು ಖಜಾಂಚಿಯ ವಾಗ್ವಿಲಾಸಕ್ಕೆ ಸಂದಿಲ್ಲ.

ಅಂದು ಬೆಂಚಿನಿಂದೆದ್ದ ಹಾಪ್‌ಕಿನ್ಸ್ ಕೆಲವೇ ಕಾಲ ಆಡಿ ಆಟದಿಂದ ಸರಿದನು. ಅವನೇ ೧೯೯೦ರ ದಶಕದಲ್ಲಿ ಚಾಂಪಿಯನ್ ಡೇಟ ಎಂಬ ಸಂಸ್ಥೆಯನ್ನು ಹುಟ್ಟಿಸಿ, ಪ್ರತಿಯೊಂದು ಒದೆತವನ್ನೂ ಗುದ್ದನ್ನೂ ಎಣಿಸಿ ಲೆಕ್ಕವಿಡುವ ಪದ್ಧತಿಗೆ ಬುನಾದಿ ಹಾಕಿದನು. ೨೦೧೧ರಲ್ಲಿ ಆ ವಿಷಯವಾಗಿ ಒಂದು ಗ್ರಂಥವನ್ನೂ ಪ್ರಕಟಿಸಿದನು. ಈ ಐತಿಹ್ಯದ ಪ್ರಮುಖ ಪಾತ್ರಗಳಲ್ಲಿ ಒಬ್ಬನೇ ಮಾತಿಗಿಂತ ಎಣಿಕೆಯನ್ನು ನಂಬುವ ಶಾಸ್ತ್ರಕ್ಕೆ ಮೂಲಪುರುಷನಾದುದು ಗಮನಿಸತಕ್ಕ ಸಂಗತಿ.

ಕಾಲಿಂಗ್‌ವುಡ್ಡಿಗೆ ೧೯೫೮ರ ತರುವಾಯ ಅಗ್ರಪದವಿ ದೊರೆತುದು ೧೯೯೦ರಲ್ಲಿ. ನಡುವೆ ಎಂಟು ವರ್ಷಗಳ ಅಂತಿಮ ಪಂದ್ಯಗಳು ಕೈತಪ್ಪಿದುವು. ಕ್ಲಬ್ಬಿನ ಹೆಸರನ್ನೂ ಹೊಟ್ಟೆತಳಮಳವೆಂಬ ಅರ್ಥದ ಆಂಗ್ಲಪದವನ್ನೂ ಬೆಸೆದು ‘ಕಾಲಿವಾಬಲ್ಸ್’ ಎಂಬ ಪರಿಹಾಸದ ಹೆಸರೇ ಆ ತಂಡಕ್ಕೆ ಅಂಟಿಕೊಂಡಿತು. ಆ ಎಂಟರಲ್ಲಿ ೧೯೭೭ರದು ಮತ್ತೆ ಬರಾಸಿಯ ಕೈಯಿಂದ. ಆಗ ಅವನು ನಾರ್ತ್ ಮೆಲ್ಬರ್ನ್ ತಂಡದ ಶಿಕ್ಷಕ. ಮೂರು ಪಾದಗಳು ಮುಗಿದಾಗ ೨೭ ಅಂಕ ಮುಂದಿದ್ದ ಕಾಲಿಂಗ್‌ವುಡ್ ಆ ಪಂದ್ಯವನ್ನು ಸಮಮಾಡಿಕೊಂಡು, ಮುಂದಿನ ವಾರದ ಮರುಪಂದ್ಯದಲ್ಲಿ ಅದೇ ೨೭ ಅಂಕಗಳಿಂದ ಸೋತಿತು. ಆ ಸಲ ಎದುರಿಗಿದ್ದ ಶಿಕ್ಷಕ ರೋಸ್ ಅಲ್ಲ, ಟಾಮ್ ಹೇಫಿ, ಫಲದಲ್ಲಿ ವ್ಯತ್ಯಾಸವಾಗಲಿಲ್ಲ.

ರೋಸ್ ೧೯೭೧ರ ಕೊನೆಯಲ್ಲಿ ಶಿಕ್ಷಕಪದವಿಯನ್ನು ಬಿಟ್ಟನು. ಅವನು ಸೋತ ಮೂರು ಅಂತಿಮ ಪಂದ್ಯಗಳ ಅಂತರ ನಾಲ್ಕು, ಒಂದು, ಹತ್ತು. ಒಟ್ಟು ೧೫ ಅಂಕ. ಮೂರು ಗೋಲುಗಳ ಬೆಲೆಗಿಂತ ಮೂರಂಕ ಕಡಮೆ. ೨೦೦೧ರಲ್ಲಿ ಅಗ್ರಪದವಿಯನ್ನು ಗೆದ್ದ ಶಿಕ್ಷಕರಿಗೆಂದು ಒಂದು ಪದಕ ಸ್ಥಾಪಿತವಾಯಿತು. ೧೯೫೦ರಿಂದೀಚೆಗೆ ಗೆದ್ದವರಿಗೂ ಅದನ್ನು ಹಿಂದಿನಿಂದ ಅನ್ವಯಿಸಿ ಕೊಟ್ಟರು. ಬರಾಸಿಗೆ ೧೯೬೮, ೧೯೭೦, ೧೯೭೫, ೧೯೭೭ ಈ ನಾಲ್ಕು ವರ್ಷಗಳಿಗೂ ಅದು ಸಲ್ಲುತ್ತದೆ. ಅವನು ೨೦೨೩ರ ಸೆಪ್ಟೆಂಬರಿನಲ್ಲಿ ತೀರಿಕೊಂಡನು, ರೋಸ್ ೨೦೦೩ರಲ್ಲಿ. ಪದಕಕ್ಕೆ ಇಟ್ಟಿರುವ ಹೆಸರು ಜಾಕ್ ಮ್ಯಾಕ್‌ಹೇಲ್.